ಕದ್ದು ಬಿಚ್ಚಿದ ಡಬ್ಬಿ

ಧಾರವಾಡದಲ್ಲಿ ಗುರುಶಾಂತ ಎಂಬ ಎಂಜಿನಿಯರ್ ಇದ್ದ. ಮೊಬೈಲಿನಲ್ಲಿ ಹಾಡು ಬರೀ ಅಂಕಿಗಳಾಗಿ ಕೂತಿರುತ್ತದೆ. ಆ ಅಂಕಿಗಳನ್ನು ಮತ್ತೆ ನಾದವಾಗಿಸಿ ಕಿವಿಗೆ ಮುಟ್ಟಿಸುವ ಯಂತ್ರಕ್ಕೆ ಡ್ಯಾಕ್ ಎನ್ನುತ್ತಾರೆ. ಬೆಂಕಿಪೊಟ್ಟಣದಷ್ಟು ಚಿಕ್ಕ ಡ್ಯಾಕ್ ಮಾಡಬೇಕೆಂದು ಅವನು ಎರಡು ವರ್ಷ ಹೆಣಗಿದ್ದ. ನಕ್ಷೆ ಅವನದು. ಎಳ್ಳಿನಷ್ಟು ಸಣ್ಣ ಬಿಡಿಭಾಗಗಳನ್ನು ಬೆಸುಗೆ ಹಾಕುವ ಕೈ ಅವನ ಬಳಿ ಕೆಲಸಕ್ಕಿದ್ದ ನೀಲಗಂಗಾಳದು.

ನಾಲ್ಕು ಮಾದರಿಗಳು ಕೈಕೊಟ್ಟವು. ಐದನೆಯದು ಹಾಡಿತು. ಗಾಯಕ ಉಸಿರು ತೆಗೆದುಕೊಂಡದ್ದೂ ಕೇಳುವಷ್ಟು ಶುದ್ಧವಾಗಿತ್ತು. ಇಬ್ಬರಿಗೂ ಕಣ್ಣು ತುಂಬಿ ಬಂತು. ಗುರುವಾರ ಸಂಗೀತ ಶಾಲೆಯ ಹಿರಿಯರಾದ ವಾಮನಬುವಾ ಬಂದು ಕೇಳುವವರಿದ್ದರು. ಅವರು ಒಪ್ಪಿದರೆ ಶಾಲೆಯ ಎಲ್ಲ ಮಕ್ಕಳಿಗೂ ಇದೇ ಡ್ಯಾಕ್.

ಮರುದಿನ ಚಹಾದಂಗಡಿಯ ಮುಂದೆ ನೀಲಗಂಗಾ ಒಬ್ಬನ ಜೊತೆ ನಿಂತು ಮಾತಾಡುವುದು ಗುರುಶಾಂತನ ಕಣ್ಣಿಗೆ ಬಿತ್ತು. ಆ ಮನುಷ್ಯ ಹುಬ್ಬಳ್ಳಿಯಲ್ಲಿ ಇಂಥದೇ ಯಂತ್ರ ಮಾಡುತ್ತಿದ್ದವನು. ಗುರುಶಾಂತನಿಗೆ ಅನುಮಾನ ಬಂತು. ‘ನಕ್ಷೆ ಮಾರುತ್ತಿದ್ದಾಳೋ? ಒಳಗಿನ ಅಸಲಿ ಚಿಪ್ ತೆಗೆದು ನಕಲಿ ಕೂರಿಸಿದ್ದಾಳೋ?’

ಕೇಳಲಿಲ್ಲ. ಅವಳು ಊಟಕ್ಕೆ ಹೋದಾಗ ಡ್ಯಾಕಿನ ಡಬ್ಬಿ ಬಿಚ್ಚಿ, ಒಳಗಿನ ತಗಡಿನ ಮುಚ್ಚಳ ಎತ್ತಿ, ಚಿಪ್ ಮೇಲಿನ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದ. ಎಲ್ಲ ಸರಿಯಾಗಿತ್ತು. ಅವಸರದಲ್ಲಿ ತಿರುಪು ತಿರುವಿ ಮುಚ್ಚಿಟ್ಟ.

ಆದರೆ ಅನುಮಾನ ಅಷ್ಟಕ್ಕೆ ತಣಿಯುವುದೇ? ಮಂಗಳವಾರ ಮತ್ತೆ ಬಿಚ್ಚಿದ. ಅಂದು ಹಾಡಿನ ಕೆಳಗೆ ಸಣ್ಣಗೆ ಗುಂಯ್ ಎಂದಿತು. ‘ನೋಡಿದೆಯಾ, ಏನೋ ಮಾಡಿದ್ದಾಳೆ’ ಎಂದುಕೊಂಡ. ಬುಧವಾರ ಎರಡು ಸಲ ಬಿಚ್ಚಿದ. ಸದ್ದು ಹೆಚ್ಚಿತು. ತಪ್ಪು ಕಾಣಲಿಲ್ಲ. ‘ಸಿಕ್ಕಿಬೀಳದ ಹಾಗೆ ಮಾಡುವಷ್ಟು ಜಾಣೆ’ ಎಂದು ಹಲ್ಲು ಕಡಿದ.

“ಯಾಕ್ರಿ ಸರ, ಮಾತ ಆಡವಲ್ರಿ?” ಎಂದು ಅವಳು ಕೇಳಿದಳು. ಅವನು ಮುಖ ತಿರುವಿದ.

ಗುರುವಾರ ವಾಮನಬುವಾ ಬಂದರು. ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಅರೆಗಳಿಗೆಯಲ್ಲಿ ಕಣ್ಣು ಬಿಟ್ಟರು.

“ತಂಬೂರಿ ಒಳಗ ದುಂಬಿ ಹೊಕ್ಕಂಗ ಐತಲ್ಲೋ, ಗುರುಶಾಂತ.”

ಗುರುಶಾಂತನ ತಾಳ್ಮೆ ತಪ್ಪಿತು. “ಈ ನೀಲಗಂಗಾನ್ನ ಕೇಳ್ರಿ! ಹುಬ್ಬಳ್ಳಿಯವರ ಮಾತು ಕೇಳಿ ಕೆಡಿಸ್ಯಾಳ!”

ನೀಲಗಂಗಾಳ ಮುಖ ಬಿಳಿಚಿತು. ಡಬ್ಬಿ ತೆಗೆದುಕೊಂಡು ಅಲ್ಲೇ, ಇಬ್ಬರೆದುರಿಗೇ ಬಿಚ್ಚಿದಳು. ತಗಡಿನ ಮುಚ್ಚಳ ಬೆರಳು ತಾಗಿದರೆ ಅಲುಗುತ್ತಿತ್ತು.

“ಮೊಬೈಲಿನ ತರಂಗ ಒಳಗ ಹೊಕ್ಕು ಗುಂಯ್ ಅನ್ನಬಾರದಂತ ಈ ತಗಡ ಹಾಕೂದು. ನಾ ಇದನ್ನ ಒಂದ ಸಲ ಬಿಗದೀನ್ರಿ. ಈಗ ನೋಡಿದ್ರ ತಿರುಪಿನ ತಲಿ ಸವದೈತಿ, ಹಿಡಿತಾನ ಇಲ್ಲ. ಯಾರು ಬಿಚ್ಚ್ಯಾರ?”

ಗುರುಶಾಂತ ತಲೆ ತಗ್ಗಿಸಿದ. ವಾಮನಬುವಾ ಅವನನ್ನೇ ನೋಡುತ್ತಿದ್ದರು.

“ನಾನ,” ಎಂದ. “ನಾಕು ಸಲ.”

ಅವಳು ಹೊಸ ತಿರುಪು ಹಾಕಿ ಬಿಗಿದಳು. ವಾಮನಬುವಾ ಮತ್ತೆ ಕೇಳಿದರು. ಈ ಸಲ ಹಾಡು ಮುಗಿಯುವವರೆಗೆ ಕಣ್ಣು ತೆರೆಯಲಿಲ್ಲ. “ಮಕ್ಕಳಿಗೆ ಇದನ್ನ ಕೊಡೋಣ,” ಎಂದರು.

ಗುರುಶಾಂತ ಕೈ ಮುಗಿದ. “ತಪ್ಪಾತು, ನೀಲಗಂಗಾ.”

ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. “ಆ ಹುಬ್ಬಳ್ಳಿ ಮನಷ್ಯಾ ನನ್ನ ಕೆಲಸಕ್ಕ ಕರದಿದ್ದ ಸರ. ನಾ ಒಲ್ಲೆ ಅಂದು ಬಂದಿದ್ದೆ. ನೀವು ಒಂದ ಮಾತು ಕೇಳಿದ್ರ ಅವತ್ತ ಹೇಳ್ತಿದ್ದೆ.”

ಹೊಸ್ತಿಲು ದಾಟಿ ಹೋದವಳು ಮತ್ತೆ ಬರಲಿಲ್ಲ. ಶಾಲೆಯ ಮಕ್ಕಳಿಗೆ ಡ್ಯಾಕ್ ಮುಟ್ಟಲು ಒಂದು ವರ್ಷ ಹಿಡಿಯಿತು. ಅಂಥ ಕೈ ಗುರುಶಾಂತನಿಗೆ ಬೇರೆಲ್ಲೂ ಸಿಗಲಿಲ್ಲ.

ನೀತಿ: ಅನುಮಾನ ಬಂದರೆ ಬಾಯಿಬಿಟ್ಟು ಕೇಳಬೇಕು. ಕದ್ದು ಪರೀಕ್ಷಿಸುವವನು ಇಲ್ಲದ ತಪ್ಪನ್ನು ಹುಡುಕುತ್ತ ಹುಡುಕುತ್ತ ತಾನೇ ಅದನ್ನು ಮಾಡಿಬಿಡುತ್ತಾನೆ. ಕೆಟ್ಟ ಯಂತ್ರ ರಿಪೇರಿಯಾದೀತು, ಮುರಿದ ಮನಸ್ಸು ಆಗಲಾರದು.