ಡೊಳ್ಳು ತಿರುಗಿದ ಸಂಜೆ

ಪೂಜ್ಯ ಕೆಂಚವ್ವ ತಾಯಿಯವರಿಗೆ ಮಠವೆಂಬುದಿರಲಿಲ್ಲ. ಕುರಿ ತಂಗಿದ ಕಡೆಯೇ ಮಠ, ಹಾಸಿದ ಕಂಬಳಿಯೇ ಗದ್ದುಗೆ. ಇವತ್ತು ಡೋಣಿ ಹೊಳೆಸಾಲಿನ ಕರಿಮಣ್ಣಿನಲ್ಲಿದ್ದರೆ ನಾಳೆ ಭೀಮೆಯ ದಂಡೆಯಲ್ಲಿ. ದರ್ಶನಕ್ಕೆ ಬರುವವರು ಮೊದಲು ಕುರಿಹೆಜ್ಜೆ ಹುಡುಕಬೇಕು, ಆಮೇಲೆ ತಾಯಿಯವರನ್ನು. ಆ ಸಂಜೆ ಅವರು ಕೊಯ್ಲು ಮುಗಿದ ಜೋಳದ ಹೊಲವೊಂದರಲ್ಲಿ, ಬಲೆ ಕಟ್ಟಿದ ಹಟ್ಟಿಯ ಬಾಯಲ್ಲಿ ಕುಳಿತು, ಮರಿಯೊಂದರ ಉಣ್ಣೆಗೆ ಅಂಟಿದ ಮುಳ್ಳು ಬಿಡಿಸುತ್ತಿದ್ದರು. ಸುತ್ತ ಒಂದಷ್ಟು ಭಕ್ತರು.

ಅಮೋಘಿ ಬಂದದ್ದು ಟಂಟಂನಲ್ಲಿ. ಹಿಂದಿನ ಸೀಟಿನಲ್ಲಿ ಅಕ್ಕ ಮಾಯವ್ವ, ಆಕೆಯ ಮಗ್ಗುಲಿಗೆ ಅವನ ಡೊಳ್ಳು.

ಅಮೋಘಿ ಎಂದರೆ ಆ ಸೀಮೆಗೆಲ್ಲ ಗೊತ್ತು. ಒಂದೂರಲ್ಲಿ ಎರಡು ದಿನ ನಿಲ್ಲದ ಕಾಲು, ಡೊಳ್ಳಿನ ಮೇಲೆ ಬಿದ್ದರೆ ಬಿಡದ ಕೈ. ಅವನ ಬಡಿತಕ್ಕೆ ಮೈಮೇಲೆ ದೇವರು ಬಾರದ ಪೂಜಾರಿಯೇ ಇಲ್ಲ. ಅವನಿಗೆ ಮಾತ್ರ ನಂಬಿಕೆ ಸವೆದು ಹೋಗಿತ್ತು. “ದೇವರು ಗುಡಿಯಾಗ ಇಲ್ಲೋ, ನನ್ನ ಮಣಿಕಟ್ಟಿನಾಗ ಅದಾನ. ಬಿಗಿ ಬಾರಿಸಿದ್ರ ಬರ್ತಾನ, ಸಡಿಲ ಬಿಟ್ರ ಹೋಗ್ತಾನ” ಎಂದು ಚಹಾದಂಗಡಿಯಲ್ಲಿ ಕುಳಿತು ನಗುತ್ತಿದ್ದ.

ಆ ನಗುವಿನ ಕೆಳಗೆ ಉರಿಯಿತ್ತು. ಹೋದ ಮುಂಗಾರಿನಲ್ಲಿ ಕುರಿ ಕಾಯುವಾಗ ಮಾಯವ್ವನ ಕಣ್ಣೆದುರೇ ಸಿಡಿಲು ಬಡಿದು ಮಗಳು ನಿಂಗಿ ಹೋದಳು. ಅಂದಿನಿಂದ ಮಾಯವ್ವ ಮಾತಾಡಿಲ್ಲ, ಅತ್ತಿಲ್ಲ. ತುತ್ತಿಟ್ಟರೆ ನುಂಗುತ್ತಿದ್ದವಳು ಈಚೆಗೆ ಅದಕ್ಕೂ ಬಾಯಿ ಬಿಗಿಯತೊಡಗಿದ್ದಳು. ದವಾಖಾನೆಯವರು ಮೈಯಲ್ಲಿ ಏನೂ ದೋಷವಿಲ್ಲವೆಂದರು. ದೇವರು ಬರುವ ಪೂಜಾರಿಗಳ ಮುಂದೆಲ್ಲ ಅಮೋಘಿ ಆಕೆಯನ್ನು ಕೂರಿಸಿ, ತಾನೇ ಡೊಳ್ಳು ಬಾರಿಸಿದ. ಎಲ್ಲರಿಗೂ ದೇವರು ಬಂತು, ಎಲ್ಲರೂ ಹೇಳಿಕೆ ಹೇಳಿದರು. ಅಕ್ಕ ಮಾತ್ರ ದಿನೇದಿನೇ ಕರಗಿದಳು.

ಅಕ್ಕನನ್ನು ಟಂಟಂನಿಂದ ಇಳಿಸಿ ನೆಲದ ಮೇಲೆ ಕೂರಿಸಿದ ಅಮೋಘಿ ತಾಯಿಯವರಿಗೆ ಕೈಮುಗಿಯಲಿಲ್ಲ.

“ನಿಮ್ಮ ಮ್ಯಾಲ ದೇವರು ಬರ್ತದಂತಲ್ಲ ಯವ್ವಾ. ನಾ ಬಾರಿಸ್ತೀನಿ, ಬರ್ಲಿ ನೋಡೂಣು. ನನ್ನ ಅಕ್ಕ ಇವತ್ತೂ ಹಿಂಗ ಉಳದ್ರ ಈ ಡೊಳ್ಳು ಒಡದು ನಿಮ್ಮ ಒಲೀಗೇ ಹಾಕಿ ಹೋಗ್ತೀನಿ.”

ಭಕ್ತರಲ್ಲಿ ಹಿರಿಯನಾದ ಭೂತಾಳಿ ಎದ್ದು ನಿಂತ. “ಯಾರ ಮುಂದ ಮಾತಾಡಾಕತ್ತಿ, ಖಬರ ಐತೇನಲೇ?”

“ಐತಿ ಮುತ್ಯಾ. ಎಲ್ಲಾರ ಮುಂದೂ ಹಿಂಗ ಮಾತಾಡೀನಿ. ಎಲ್ಲಾರೂ ಕುಣದಾರ.”

ತಾಯಿಯವರು ನಕ್ಕರು. “ಬಾರಿಸ್ಲಿ ಬಿಡೋ ಭೂತಾಳಿ. ಕುರಿಗೂ ಬ್ಯಾಸರಾಗೇತಿ.”

ಅಮೋಘಿ ಡೊಳ್ಳನ್ನು ಹೆಗಲಿಗೆ ಬಿಗಿದ. ಏನೆಂದು ಹೇಳುವುದು ಆ ಪೆಟ್ಟನ್ನು! ನೆಲ ಗುಡುಗಿತು, ಕುರಿಗಳು ಹಟ್ಟಿಯೊಳಗೆ ಸುತ್ತು ಹಾಕಿದವು, ನಾಯಿಗಳು ಬೊಗಳುವುದನ್ನೇ ಮರೆತವು. ಗುಂಪಿನಲ್ಲಿ ಒಬ್ಬ ನಡುಗಿ ಬಿದ್ದ, ಅವನ ಬೆನ್ನಿಗೇ ಇನ್ನೊಬ್ಬ. ಭೂತಾಳಿಯ ಹೆಗಲೂ ತಾನಾಗಿ ಕುಣಿಯಹತ್ತಿತು. ತಾಯಿಯವರು ಮಾತ್ರ ಮುಳ್ಳು ಬಿಡಿಸುತ್ತಲೇ ಇದ್ದರು. ಅಮೋಘಿ ಬೆವರು ಕಣ್ಣಿಗಿಳಿಯುವಂತೆ ಬಾರಿಸಿದ, ಹಲ್ಲು ಕಚ್ಚಿ ಬಾರಿಸಿದ, ರಟ್ಟೆ ಸೋತು ಕೋಲು ಜಾರುವತನಕ ಬಾರಿಸಿದ.

ಆಗ ತಾಯಿಯವರು ತಲೆಯೆತ್ತಿದರು.

“ಯಾರ ಬ್ಯಾನಿಗೆ ಬಂದಿ ಮಗಾ?”

“ಅಕ್ಕನ ಬ್ಯಾನಿಗೆ.”

“ಅಕ್ಕ ಎಲ್ಲಿ?”

“ನನ್ನ ಹಿಂದ ಕುಂತಾಳಲ್ರಿ.”

“ತಿರುಗಿ ಬಾರಿಸು.”

ಅಮೋಘಿ ದಂಗಾದ. ಡೊಳ್ಳಿನವನ ಮುಖ ಯಾವಾಗಲೂ ದೇವರ ಕಡೆ, ದೇವರು ಬರುವವರ ಕಡೆ. ಬೇನೆಯವರು ಅವನ ಬೆನ್ನ ಹಿಂದೆ. ಅವನಪ್ಪನೂ ಹಾಗೇ ನಿಂತವನು, ಅಪ್ಪನ ಅಪ್ಪನೂ.

“ನಿಮಗ ಬೆನ್ನು ತೋರಿಸ್ಲೇನ್ರಿ?”

“ನನಗೇನು ಬ್ಯಾನಿ ಐತೋ?”

ತಿರುಗಿದ. ಒಂದು ಪೆಟ್ಟು ಹಾಕಿದ. ಮಾಯವ್ವನ ಕತ್ತು ಹೆಗಲೊಳಗೆ ಹುದುಗಿತು, ಕಣ್ಣು ಬಿಗಿದವು, ಎರಡೂ ಕೈ ಸೆರಗನ್ನು ಎದೆಗೆ ಅವುಚಿಕೊಂಡವು. ಕೂಸನ್ನು ಅವುಚಿಕೊಂಡ ಹಾಗೆ. ಇನ್ನೊಂದು ಪೆಟ್ಟು ಹಾಕಿದ. ಮತ್ತೆ ಅದೇ.

ಮೂರನೆಯ ಪೆಟ್ಟು ಹಾಕಲು ಎತ್ತಿದ ಕೋಲನ್ನು ಅಮೋಘಿ ಇಳಿಸಿದ. ಸಿಡಿಲು. ಇಷ್ಟು ದಿನ, ಇಷ್ಟು ಗುಡಿಗಳಲ್ಲಿ, ತನ್ನ ಬೆನ್ನ ಹಿಂದೆ ಕುಳಿತಿದ್ದ ಅಕ್ಕನ ಮೇಲೆ ತಾನೇ ಮತ್ತೆ ಮತ್ತೆ ಸಿಡಿಲು ಕೆಡವುತ್ತಿದ್ದನಲ್ಲ.

ಕೋಲು ಎಸೆದ. ಆಕೆಯ ಎದುರು ನೆಲಕ್ಕೆ ಕುಳಿತು, ಡೊಳ್ಳನ್ನು ತೊಡೆಯ ಮೇಲಿಟ್ಟು, ಬೆರಳ ತುದಿಯಿಂದ ಮುಟ್ಟಿದ. ಆಕೆ ಕಣ್ಣು ಬಿಗಿದರೆ ಇನ್ನೂ ಮೆಲ್ಲಗೆ, ಕಣ್ಣು ಬಿಟ್ಟರೆ ಇನ್ನೊಂದು ಬೆರಳು. ಇಂಥ ಬಡಿತ ಅವನಿಗೆ ಯಾರೂ ಕಲಿಸಿರಲಿಲ್ಲ. ಆಕೆಯ ಮುಖವೇ ಹೇಳುತ್ತಿತ್ತು, ಕೈ ಕೇಳುತ್ತಿತ್ತು. ಹುಡುಕುತ್ತ ಹುಡುಕುತ್ತ ಅಂಗೈಗೆ ಒಂದು ಲಯ ಸಿಕ್ಕಿತು, ಕೂಸಿನ ಬೆನ್ನು ತಟ್ಟಿ ಮಲಗಿಸುವ ಲಯ. ಮಾಯವ್ವನ ಉಸಿರು ಅದನ್ನು ಹಿಡಿಯಿತು. ಸೆರಗು ಬಿಟ್ಟ ಕೈ ತನ್ನ ತೊಡೆಯ ಮೇಲೆ ತಾನೇ ತಟ್ಟತೊಡಗಿತು.

ಅಮೋಘಿಯ ಮೈಯ ರೋಮವೆಲ್ಲ ಎದ್ದು ನಿಂತಿತು. ಬೆನ್ನ ಹುರಿಯಲ್ಲಿ ಏನೋ ಹರಿದು ಬಂದು ಅಂಗೈಗಿಳಿಯಿತು. ದೇವರು ನನ್ನ ಮಣಿಕಟ್ಟಿನಲ್ಲಿದ್ದಾನೆ ಎಂದವನಿಗೆ, ಈ ಮಣಿಕಟ್ಟು ಯಾರದು ಎಂಬುದೇ ತಿಳಿಯದಾಯಿತು. ಅವನು ಬಾರಿಸುತ್ತಿರಲಿಲ್ಲ, ಅದು ಬಾರಿಸುತ್ತಿತ್ತು.

“ನಿಂಗೀ…”

ಹೊಲದ ಆಚೆ ದಿಬ್ಬಕ್ಕೂ ಕೇಳಿಸಿತು ಆ ಕೂಗು. ಮಾಯವ್ವ ಡೊಳ್ಳನ್ನು ತಬ್ಬಿಕೊಂಡು ಅತ್ತಳು, ಒಂದು ಮುಂಗಾರಿನಷ್ಟು ಅತ್ತಳು. ನಿಂತಿದ್ದವರ ಕಣ್ಣೂ ಒಣಗಿರಲಿಲ್ಲ. ಕೊನೆಗೆ ಸೆರಗಿನಿಂದ ಮೂಗೊರೆಸಿಕೊಂಡು ತಮ್ಮನ ಮುಖ ನೋಡಿದಳು.

“ಎಷ್ಟ ಸೊರಗೀಯೋ ಅಮೋಘ್ಯಾ. ಏನರ ತಿಂದೀಯೇನು?”

ಅಮೋಘಿ ಓಡಿಹೋಗಿ ತಾಯಿಯವರ ಪಾದದ ಮೇಲೆ ಬಿದ್ದ. “ಯವ್ವಾ, ಈ ವಿದ್ಯಾ ನನಗ ಕಲಸ್ರಿ. ನಿಮ್ಮ ಕುರಿ ಕಾಯ್ಕೋತ ಇರ್ತೀನಿ.”

“ಕುರಿ ಕಾಯಿ. ವಿದ್ಯಾ ಬಂದೈತಿ” ಎಂದು ತಾಯಿಯವರು ತಮ್ಮ ಸೊಂಟದ ಭಂಡಾರದ ಚೀಲ ಬಿಚ್ಚಿ, ಹಿಡಿ ಅರಿಶಿನವನ್ನು ಅವನ ಅಂಗೈಗೆ ಸುರಿದರು. ತಾವು ಹಚ್ಚಲಿಲ್ಲ. ಅವನೇ ಹೋಗಿ ಅಕ್ಕನ ಹಣೆಗೆ ಹಚ್ಚಿದ.

ಕುರಿಗೆ ಕಟ್ಟಿದ ಬಲೆಯ ಬದಿಯಿಂದ ಹೆಣ್ಣುಮಗಳೊಬ್ಬಳು ಮೆಲ್ಲಗೆ ಮುಂದೆ ಬಂದಳು. “ಯಪ್ಪಾ, ನನ್ನ ಮುಂದೂ ಒಂದೀಟು ಕೂಡ್ರಿ. ಭಾಳ ದಿನ ಆತು, ಕಣ್ಣಿಗೆ ನಿದ್ದಿ ಹತ್ತವಲ್ದು.”

ಯಾರನ್ನು ಕರೆದಳೆಂದು ಅಮೋಘಿ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ತಾಯಿಯವರು ಆಗಲೇ ಇನ್ನೊಂದು ಮರಿಯನ್ನು ತೊಡೆಗೆಳೆದುಕೊಂಡಿದ್ದರು.

ಅಮೋಘಪ್ಪನವರು ಡೊಳ್ಳನ್ನೆತ್ತಿಕೊಂಡು ಆ ಹೆಣ್ಣುಮಗಳ ಎದುರು ಕುಳಿತರು. ಬಹಳ ಹೊತ್ತು ಕೈ ಆಡಿಸದೆ ಆಕೆಯ ಮುಖವನ್ನೇ ನೋಡಿದರು.