ಮಲ್ಲಿಗೆ ಮೊಗ್ಗು ಬಾಯಿ ಮುಚ್ಚಿಕೊಂಡದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಹೊಳೆಗೆ ಆಗತಾನೇ ದಾರಿ ಸಿಕ್ಕಿತ್ತು. ಗುಡ್ಡಗಳು ಆಗತಾನೇ ಒಂದು ಕಡೆ ಕೂರುವುದನ್ನು ಕಲಿತಿದ್ದವು. ಬಿಸಿಗಾಳಿಗೆ ಮಾತ್ರ ಮೂಗುದಾರ ಇರಲಿಲ್ಲ. ಹೆಸರಿಲ್ಲದ್ದೆಲ್ಲ ತನ್ನದು ಎಂದು ಅದು ಬಯಲಿನ ತುಂಬ ಹೇಳಿಕೊಂಡು ತಿರುಗುತ್ತಿತ್ತು. ಹೆಸರಿಲ್ಲದ ಕೆರೆಯನ್ನು ಕುಡಿದಿತ್ತು, ಹೆಸರಿಲ್ಲದ ಕರುವನ್ನು ಒಯ್ದಿತ್ತು.

ಅದಕ್ಕೇ ಕೂಸು ಹುಟ್ಟಿದ ಮನೆಯಲ್ಲಿ ಎಲ್ಲರಿಗೂ ಎದೆ ಡವಡವ. ತೊಟ್ಟಿಲಿಗೆ ಹಾಕಿದ ದಿನ, ದೀಪ ಹಚ್ಚುವ ಹೊತ್ತಿಗೆ, ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಲೇಬೇಕು. ಆ ಹೊತ್ತಿಗೆ ತೊಟ್ಟಿಲಲ್ಲಿ ಹೂವಿನ ವಾಸನೆ ಇರಬೇಕು. ವಾಸನೆ ಇಲ್ಲದಿದ್ದರೆ ಹೆಸರು ಒಳಗೆ ಹೋಗದೆ ಕಿವಿಯ ಬಾಗಿಲಲ್ಲೇ ನಿಂತುಬಿಡುತ್ತಿತ್ತು.

ಸಾಂವಕ್ಕ ಅಂಥ ಒಬ್ಬ ಸೋದರತ್ತೆ. ಅವಳ ಗುಡಿಸಲು ಹೊಳೆಯ ದಂಡೆಗೆ, ಅಣ್ಣನ ಮನೆ ಬಯಲಿನ ಆಚೆ ತುದಿಗೆ. ಅಣ್ಣನ ಚೊಚ್ಚಲು ಕೂಸಿಗೆ ಹೆಸರಿಡಲು ಅವಳು ಬೆಳಗ್ಗೆ ಚೆಂದಚೆಂದದ ಅರಳಿದ ಮಲ್ಲಿಗೆ ಕಿತ್ತು ಉಡಿಯಲ್ಲಿ ತುಂಬಿಕೊಂಡು ಹೋಗಿದ್ದಳು. ಉಡಿ ಬಿಚ್ಚಿದಾಗ ಕಂದಿದ ಕಸ ಉದುರಿತು. ಅವತ್ತು ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲು ತೂಗುತ್ತಲೇ ಇತ್ತು, ಒಳಗೆ ಯಾರೂ ಇರಲಿಲ್ಲ.

ಈಗ ಅದೇ ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿತ್ತು. ತೊಟ್ಟಿಲ ದಿನ ಬೆಳಕು ಹರಿಯುವ ಮೊದಲೇ ಸಾಂವಕ್ಕ ಮಲ್ಲಿಗೆ ಬಳ್ಳಿಯ ಮುಂದೆ ನಿಂತಳು.

"ಮಲ್ಲಿಗವ್ವಾ, ಈ ಸಲ ಕೈ ಬಿಡಬ್ಯಾಡ."

"ಅರಳಿದ್ದನ್ನ ಹರಿದಿ, ಅದೇ ತಪ್ಪಾತು," ಎಂದಿತು ಬಳ್ಳಿ. "ಅರಳಿದ ಹೂವಿನ ವಾಸನಿ ಹಿಡಕೊಂಡೇ ಗಾಳಿ ಬರತೈತಿ. ಬಾಯಿ ಮುಚ್ಚಿದ ಮೊಗ್ಗು ಒಯ್ಯಿ."

"ಮೊಗ್ಗಿಗೆ ವಾಸನಿ ಎಲ್ಲೈತಿ?"

"ದೀಪ ಕಂಡ ಮ್ಯಾಲೆ ಬಾಯಿ ಬಿಡ್ರಿ ಅಂತ ಹೇಳಿ ಕಳಸ್ತೀನಿ. ನಡುವ ಯಾರು ಕೇಳಿದ್ರೂ ಬಿಡಂಗಿಲ್ಲ."

ಬಾಳೆಗಿಡ ಬಗ್ಗಿ ತನ್ನ ನಾರು ಕೊಟ್ಟಿತು, ಎಲೆಯನ್ನೂ ಕೊಟ್ಟಿತು. ಹೊಳೆ ಹೇಳಿತು, "ನಾರು ನನ್ನಾಗ ಅದ್ದು, ಮ್ಯಾಲೆ ಒಂದೀಟು ನೀರು ಚಿಮುಕಿಸು. ಜಾಸ್ತಿ ಬ್ಯಾಡ, ಕೊಳೀತಾವ." ಹೂವಿನಿಂದ ನಾರು ಸ್ವರ್ಗಕ್ಕೆ ಅಂತಾರಲ್ಲ, ಅವತ್ತು ನಾರಿನಿಂದ ಹೂವು ಬದುಕಬೇಕಾಗಿತ್ತು.

ಸಾಂವಕ್ಕ ಮೊಗ್ಗುಗಳನ್ನು ಹಸಿ ನಾರಿನಲ್ಲಿ ಕಟ್ಟಿ, ಎಲೆಯಲ್ಲಿ ಸುತ್ತಿ, ಬಗಲಲ್ಲಿ ಒತ್ತಿಕೊಂಡು ಬಯಲಿಗೆ ಇಳಿದಳು.

ಬಿಸಿಲು ಏರಿತು. ಹಿಂದಿನಿಂದ ಯಾರೋ ಉಸಿರು ಬಿಟ್ಟಂತಾಯಿತು.

"ಸಾಂವಕ್ಕಾ, ಬಗಲಾಗ ಏನೈತಿ?"

"ಬಾಳಿ ಎಲಿ."

"ಎಲಿ ಒಳಗ?"

"ನೀರು."

ಗಾಳಿ ಅವಳನ್ನು ಒಂದು ಸುತ್ತು ಸುತ್ತಿತು. ಅವಳ ನಾಲಿಗೆ ಒಣಗಿತು. ಎಲೆಯೊಳಗೆ ಮೊಗ್ಗುಗಳು ಒಂದನ್ನೊಂದು ಒತ್ತಿಕೊಂಡವು, ಬಾಯಿ ಬಿಡಲಿಲ್ಲ.

"ಎಲಿ ಒಳಗ ಏನೈತಿ?" ಈಗ ದನಿ ಕಿವಿಯ ಹತ್ತಿರವೇ ಇತ್ತು. "ಹ್ವಾದ ಸಲದ ಕೂಸು ನನ್ನ ಕಡೆ ಐತಿ. ಎಲಿ ಬಿಚ್ಚಿ ತೋರಿಸು, ನಾನೂ ಕೂಸು ತೋರಸ್ತೀನಿ."

ಬಯಲಿನ ನಡುವೆ ಒಂದು ಕೂಸು ಅತ್ತಿತು. ಸಾಂವಕ್ಕನ ಕಾಲು ನಿಂತುಬಿಟ್ಟವು. ಕೈ ತಾನಾಗಿಯೇ ಎಲೆಯ ಗಂಟಿಗೆ ಹೋಯಿತು. ಆದರೆ ಮುಂದೆ ಇನ್ನೊಂದು ತೊಟ್ಟಿಲು ಕಾಯುತ್ತಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಗಾಳಿಗೆ ಸಿಟ್ಟು ಬಂತು. ಬಗಲಿಗೇ ಕೈ ಹಾಕಿ ಎಳೆಯಿತು. ಎಲೆಯ ಅಂಚು ಪರ್ ಎಂದು ಹರಿಯಿತು.

ಮಾಲೆಯ ತುದಿಯಲ್ಲಿದ್ದ ಚಿಕ್ಕ ಮೊಗ್ಗು ಮೆಲ್ಲಗೆ ಅಂದಿತು, "ಅತ್ತೀ, ನಾ ಬಾಯಿ ತೆರೀತೀನಿ. ಅದು ನನ್ನ ಕುಡಿಯೂತನಕ ನೀ ಓಡು."

"ಬ್ಯಾಡವ್ವಾ, ಸಾಯ್ತಿ."

"ನನಗೂ ಅಂಜಿಕಿ ಐತಿ. ಓಡು."

ಹರಿದ ಕಡೆಯಿಂದ ತಲೆ ಹೊರಗೆ ಹಾಕಿ ಅದು ಅರಳಿತು. ಗಾಳಿ ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ, ಆ ಒಂದೇ ಹೂವನ್ನು ಕುಡಿಯತೊಡಗಿತು. ಸಾಂವಕ್ಕ ಹರಿದ ಜಾಗವನ್ನು ಅಂಗೈಯಲ್ಲಿ ಮುಚ್ಚಿ, ಅಳುತ್ತಾ ಓಡಿದಳು.

ಅಣ್ಣನ ಮನೆ ಸೇರಿದಾಗ ಹೊತ್ತು ಮುಳುಗುತ್ತಿತ್ತು. ಅಣ್ಣನ ಹೆಂಡತಿ, ಅವಳ ವೈನಿ, ತೊಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸಾಂವಕ್ಕ ಮಾಲೆಯನ್ನು ಕೂಸಿನ ತಲೆಯ ಹತ್ತಿರ ಇಟ್ಟಳು. ಮೊಗ್ಗುಗಳು ಇನ್ನೂ ಮುಚ್ಚಿಯೇ ಇದ್ದವು. ಬಾಗಿಲು ದಡದಡ ಎಂದಿತು. ಗಾಳಿ ಬಂದಿತ್ತು.

"ದೀಪ ಹಚ್ಚು ವೈನಿ. ಲಗೂನ ಹಚ್ಚು."

ಬತ್ತಿ ಹೊತ್ತಿಕೊಂಡಿತು. ಒಂದು ಮೊಗ್ಗು ಬಾಯಿ ಬಿಟ್ಟಿತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ತೊಟ್ಟಿಲು ಘಮ್ಮೆಂದಿತು. ಸಾಂವಕ್ಕ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ನೆರೆದ ಹೆಂಗಸರೆಲ್ಲ, ಹೆಸರಿಟ್ಟ ಅತ್ತೆಗೆ ಗುದ್ದುವ ವಾಡಿಕೆಯಂತೆ, ಸಂತೋಷದಿಂದ ಅವಳ ಬೆನ್ನಿಗೆ ಗುದ್ದಿದರು. ಹೊರಗೆ ಗಾಳಿ ಆ ಹೆಸರು ಕೇಳಿಸಿಕೊಂಡು, ಹೊಸ್ತಿಲು ದಾಟದೆ ತಿರುಗಿ ಹೋಯಿತು.

ಅಂದಿನಿಂದ ಮಲ್ಲಿಗೆಯನ್ನು ನಸುಕಿನಲ್ಲಿ ಮೊಗ್ಗಾಗಿಯೇ ಕೀಳುತ್ತಾರೆ, ಹಸಿ ಬಾಳೆನಾರಿನಲ್ಲಿ ಕಟ್ಟುತ್ತಾರೆ, ನೀರು ಚಿಮುಕಿಸಿ ಎಲೆಯಲ್ಲಿ ಸುತ್ತುತ್ತಾರೆ. ಅವು ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು, ಅವ್ವ ದೀಪ ಹಚ್ಚುವಾಗ ಅರಳುತ್ತವೆ. ಆಗ ಮಾಲೆಯ ತುದಿಯಲ್ಲಿ ಒಂದು ಹೂವು ಕಂದಿದ್ದು ಕಂಡರೆ ಕಿತ್ತು ಎಸೆಯಬೇಡ ಕೂಸೇ, ಉಳಿದವುಗಳನ್ನು ಮನೆ ಮುಟ್ಟಿಸಿದ್ದು ಅದೇ.