ಈಜು ಮೇಷ್ಟರ ಕಟ್ಟಳೆ

"ಬುದ್ಧಿ, ಕಲಿಯಲು ಮನಸ್ಸೇ ಇಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಹೇಗೆ?" ಎಂದು ನಾಗಮಲ್ಲಪ್ಪ ಮಠದ ಗುರುಗಳನ್ನು ಕೇಳಿದ.

ಮಠದಲ್ಲಿಯೇ ಓದಿ ಬೆಳೆದವನು ಅವನು. ಈಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ಏನಾಯಿತು ಎಂದು ಗುರುಗಳು ವಿಚಾರಿಸಿದಾಗ ಎಲ್ಲವನ್ನೂ ಹೇಳಿದ. ಅವನ ತರಗತಿಯಲ್ಲಿ ಒಂದು ಪದ್ಧತಿ ಇತ್ತು. ಇಂಗ್ಲಿಷನ್ನು ತಪ್ಪಾಗಿ ಮಾತಾಡಿದವರು ಬೆಂಚಿನ ಮೇಲೆ ನಿಲ್ಲಬೇಕು. ಇನ್ನೊಬ್ಬರ ತಪ್ಪನ್ನು ಹಿಡಿದುಕೊಟ್ಟರೆ ಕೂರಬಹುದು. ಮೊದಮೊದಲು ತರಗತಿ ಚುರುಕಾಗಿತ್ತು. ಈಗ ಯಾರೂ ಬಾಯಿ ಬಿಡುವುದಿಲ್ಲ. ಪವಿತ್ರ ಎಂಬ ಹುಡುಗಿಯಂತೂ ಶಾಲೆಯನ್ನೇ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ಅವಳ ಅವ್ವ ಬಂದು, "ಇಂಗ್ಲಿಷ್ ಅಂದ್ರೆ ನಡುಗ್ತಾಳೆ ಸಾ, ಒಂದ್ಸಲ ನೀವೇ ಬಂದು ಕರೀರಿ" ಎಂದು ಅಂಗಲಾಚಿ ಹೋಗಿದ್ದಳು. ಇವನು ಹೋಗಿರಲಿಲ್ಲ.

"ಅವಳಿಗೆ ಆಸಕ್ತಿ ಸಾಲದು ಬುದ್ಧಿ. ನಾನೇನು ಮಾಡಲಿ?" ಎಂದ.

ಗುರುಗಳಿಗೆ ಸಿಟ್ಟು ಬಂತು. ಅದನ್ನು ತಡೆದುಕೊಂಡು ಈ ಕತೆ ಹೇಳಿದರು.

ಹೊಳೆಯಾಚೆ ಒಂದು ಊರು. ಆ ಊರಿನ ಹೊಲಗದ್ದೆಗಳೆಲ್ಲ ಈಚೆ ದಡದಲ್ಲಿ. ದಿನ ಬೆಳಗಾದರೆ ಹರಿಗೋಲು ಹತ್ತಲೇಬೇಕು. ಹರಿಗೋಲು ಮಗುಚಿ ಮಕ್ಕಳು ಸತ್ತದ್ದೂ ಉಂಟು. ಅದಕ್ಕೇ ಊರಿನ ಹಿರಿಯರು ಒಬ್ಬ ಈಜುಗಾರನನ್ನು ಕರೆತಂದು, ನಮ್ಮ ಮಕ್ಕಳಿಗೆ ಈಜು ಕಲಿಸಪ್ಪಾ ಎಂದರು.

ಅವನು ಬಲು ಒಳ್ಳೆಯ ಈಜುಗಾರ. ಆದರೆ ಕಲಿಯುವಾಗ ತಾನೆಷ್ಟು ನೀರು ಕುಡಿದಿದ್ದೆ ಎಂಬುದನ್ನು ಮರೆತಿದ್ದ. ಮುಳುಗದಿರಲೆಂದು ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಇಳಿಸಿದ. ಮಕ್ಕಳು ಕೈಕಾಲು ಬಡಿದರು, ನೀರು ಕುಡಿದರು, ಕೆಮ್ಮಿದರು. ಇವನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಕಟ್ಟಳೆ ಮಾಡಿದ. ನೀರು ಕುಡಿದ ಮಗು ಬುರುಡೆ ಬಿಚ್ಚಿಟ್ಟು ದಡದ ಮೆಟ್ಟಿಲ ಮೇಲೆ ನಿಲ್ಲಬೇಕು. ನೀರು ಕುಡಿದ ಇನ್ನೊಂದು ಮಗುವನ್ನು ತೋರಿಸಿಕೊಟ್ಟರೆ ಮತ್ತೆ ಇಳಿಯಬಹುದು.

ಎಂಥ ತಲೆ ನೋಡು ಅವನದು! ಅಂದಿನಿಂದ ಯಾವ ಮಗುವೂ ತನ್ನ ಕೈಕಾಲಿನ ಮೇಲೆ ಗಮನವಿಡಲಿಲ್ಲ. ಎಲ್ಲರ ಕಣ್ಣೂ ಪಕ್ಕದವರ ಬಾಯಿಯ ಮೇಲೆ. ಜಾಣರು ಮೊಣಕಾಲುದ್ದದ ನೀರಿನಲ್ಲಿ ನಿಂತು ಸುಮ್ಮನೆ ಕೈ ಆಡಿಸುವುದನ್ನು ಕಲಿತರು. ಕುಂಬಾರನ ಮಗಳು ಮಾತ್ರ ದಿನವೂ ಮೆಟ್ಟಿಲ ಮೇಲೆಯೇ. ಇನ್ನೊಬ್ಬರನ್ನು ತೋರಿಸಿಕೊಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಹಿರಿಯರು ನೋಡಲು ಬಂದರು. ಗದ್ದಲವಿಲ್ಲ, ಕೆಮ್ಮಿಲ್ಲ, ನೀರು ಹಾರುವುದಿಲ್ಲ. ಎಂಥ ಶಿಸ್ತು ಎಂದು ಹೊಗಳಿ ಮೇಷ್ಟರಿಗೆ ಶಾಲು ಹೊದಿಸಿದರು. ಒಂದೇ ಒಂದು ಮಗುವನ್ನು ಕರೆದು, ನಾಲ್ಕು ಮಾರು ಈಜಿ ತೋರಿಸು ಎಂದು ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ. ಮನೆಗೆ ಹೋಗಿ ಉಂಡು ಮಲಗಿದರು.

ಒಂದು ಸಂಜೆ ಕುಂಬಾರನ ಮಗಳು ಹೊಲದಿಂದ ಹರಿಗೋಲಿನಲ್ಲಿ ಬರುತ್ತಿದ್ದಳು. ದಡದ ಹತ್ತಿರ ಹರಿಗೋಲು ಬಂಡೆಗೆ ತಾಗಿ ವಾಲಿತು. ಅಂಚಿನಲ್ಲಿ ಕೂತಿದ್ದ ಹುಡುಗಿ ನೀರಿಗೆ ಬಿದ್ದಳು. ಸೆಳವು ಹರಿಗೋಲನ್ನು ಆಚೆಗೆ ಎಳೆದುಕೊಂಡು ಹೋಯಿತು. ಅವಳು ಒಮ್ಮೆ ಮೇಲೆದ್ದಳು, ನೀರು ಕುಡಿದು ಕೆಮ್ಮಿದಳು. ದಡದಲ್ಲಿ ಈಜು ಕಲಿಯುತ್ತಿದ್ದ ಮಕ್ಕಳೆಲ್ಲ ಅದನ್ನು ಕಂಡರು.

"ನೀರು ಕುಡುದ್ಲು! ಮೇಷ್ಟ್ರೇ, ನೀರು ಕುಡುದ್ಲು!"

ನಾನು ಮೊದಲು, ತಾನು ಮೊದಲು ಎಂದು ಕೂಗಿದರು. ಕೈ ತೋರಿಸಿ ಚಪ್ಪಾಳೆ ತಟ್ಟಿದರು. ಬಿಚ್ಚಿಟ್ಟ ಬುರುಡೆಗಳು ಕಾಲ ಬುಡದಲ್ಲೇ ಬಿದ್ದಿದ್ದವು. ಒಂದನ್ನೂ ಯಾರೂ ಎಸೆಯಲಿಲ್ಲ. ಆ ಮಕ್ಕಳನ್ನು ನಾನು ಬೈಯಲಾರೆ. ಅವರಿಗೆ ಕಲಿಸಿದ್ದೇ ಅದು. ಆ ಕೂಗು ಕೇಳಿ ಹುಡುಗಿ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಳು. ಕಾಪಾಡಿ ಎಂದು ಕೂಡ ಕೂಗಲಿಲ್ಲ.

ಈಜುಗಾರ ಅಲ್ಲಿಯೇ ಇದ್ದ. ಹೊಳೆಗೆ ಬೆನ್ನು ಮಾಡಿ ಪಂಚೆ ಹಿಂಡುತ್ತಿದ್ದ. ದಿನವೂ ಕೇಳುವ ಕೂಗಲ್ಲವೇ? ತಿರುಗದೆಯೇ, "ಸರಿ, ಬಂದು ಮೆಟ್ಟಿಲ ಮೇಲೆ ನಿಂತ್ಕೊಳ್ಳಲಿ" ಎಂದ.

ಗುರುಗಳು ಅಲ್ಲಿಗೇ ಕತೆ ನಿಲ್ಲಿಸಿದರು. ನಾಗಮಲ್ಲಪ್ಪ ತಡೆಯಲಾರದೆ ಕೇಳಿದ:

"ಆ ಹುಡುಗಿ ಬದುಕಿದಳೇ ಬುದ್ಧಿ?"

"ಅವಳು ಇನ್ನೂ ನೀರಿನಲ್ಲೇ ಇದ್ದಾಳೆ, ತಿರುಗಿ ನೋಡಬೇಕಾದವನು ನನ್ನ ಮುಂದೆ ಕೂತು ಕತೆ ಕೇಳುತ್ತಿದ್ದಾನೆ."